ಸೈಕಸ್ ಕುಂಡದಿಂದ ಮೇಜಿಗೆ ಒಂದು ಇರುವೆ ಸೇತುವೆ

ಚಿಟ್ಟೆಯ ಹುಳವನ್ನೂ ಅದರ ಜೊತೆಗಿರುವ ಇರುವೆಯನ್ನೂ ಮೇಜಿನ ಮೇಲೆ ನೋಡುವುದಕ್ಕೆ ಮಾಡಿದ ಮೂರನೇ ಪೆಟ್ಟಿಗೆ ಕೆಲಸ ಮಾಡಿತು. ಮೊದಲಿನ ಎರಡೂ ಕೆಟ್ಟವು. ಒಂದರಲ್ಲಿ ಹುಳ ಸತ್ತವು, ಇನ್ನೊಂದರಲ್ಲಿ ಇರುವೆ ಸತ್ತವು. ಕೆಟ್ಟಿದ್ದನ್ನೂ ಬಿಡದೆ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಮೂರನೆಯದರಲ್ಲಿ ಕರೆಂಟ್ ವೈರಿಂಗ್ ಪೈಪು, ನೀರು ತುಂಬಿದ ನಾಲ್ಕು ಬಟ್ಟಲು ಯಾಕಿವೆ ಅಂತ ಅರ್ಥವಾಗುವುದಿಲ್ಲ.

ನಾನು ಮಂಡ್ಯದಲ್ಲಿ ಟಿವಿ, ಮಿಕ್ಸಿ, ಸ್ಟೆಬಿಲೈಸರ್ ರಿಪೇರಿ ಮಾಡುವವನು. ಹುಳದ ವಿಷಯ ಓದಿದ್ದೆಲ್ಲ ಆಮೇಲೆ. ಶುರುವಾಗಿದ್ದು ಬಾಡಿಗೆ ಮನೆ ಮುಂದಿನ ಸೈಕಸ್ ಕುಂಡದಿಂದ. ನೋಡುವುದಕ್ಕೆ ಪುಟ್ಟ ತಾಳೆಯಂತಿರುವ ಅದು ಓನರ್ ಅವರ ಪ್ರೀತಿಯ ಗಿಡ. ಜೂನ್ ಮೊದಲ ವಾರ ನಾಲ್ಕು ಮಳೆ ಬಿದ್ದ ಮೇಲೆ ನಡುವಿನಿಂದ ಹೊಸ ಸುಳಿ ಎದ್ದಿತು. ಎಳೆ ಗರಿಗಳು ಇನ್ನೂ ಬಿಚ್ಚಿರಲಿಲ್ಲ. ಒಂದೊಂದು ಎಸಳೂ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿತ್ತು. ಅದರ ಮೇಲೆಲ್ಲ ಗೊದ್ದಗಳ ಓಡಾಟ. ಗೊದ್ದ ಅಂದರೆ ನಮ್ಮ ಕಡೆಯ ದೊಡ್ಡ ಕಪ್ಪಿರುವೆ, ಪುಸ್ತಕದಲ್ಲಿ ಕ್ಯಾಂಪೊನೋಟಸ್ ಕಂಪ್ರೆಸಸ್.

“ಇರುವೆ ನನ್ನ ಗಿಡ ತಿಂತಾ ಇದೆ, ಔಷಧಿ ಹೊಡೀಬೇಕು” ಅಂದರು ಓನರ್. ನಾನು ಬಗ್ಗಿ ನೋಡಿದೆ. ಇರುವೆ ಏನೂ ತಿನ್ನುತ್ತಿರಲಿಲ್ಲ. ಅವುಗಳ ಕಾಲಡಿಯಲ್ಲಿ ಬೆನ್ನು ಉಬ್ಬಿದ, ತಲೆ ಕಾಣದ ಪುಟ್ಟ ಹಸಿರು ಹುಳಗಳಿದ್ದವು. ಕೆಲವಕ್ಕೆ ಕೆಂಪು ಮಿಶ್ರಿತ ಬಣ್ಣ. ಗಿಡ ಮೇಯುತ್ತಿದ್ದದ್ದು ಅವು. ಬೆರಳು ಚಾಚಿದರೆ ಗೊದ್ದ ಹಿಂದಕ್ಕೆ ಸರಿಯಲಿಲ್ಲ. ಬಾಯಿ ಅಗಲಿಸಿ ಹುಳದ ಮೇಲೇ ನಿಂತಿತು.

ಆ ಹುಳ ಪ್ಲೇನ್ಸ್ ಕ್ಯುಪಿಡ್ ಅನ್ನುವ ಚಿಟ್ಟೆಯದು. ವೈಜ್ಞಾನಿಕ ಹೆಸರು ಲೂಥ್ರೋಡ್ಸ್ ಪಾಂಡವ. ಹಳೆಯ ಪುಸ್ತಕಗಳಲ್ಲಿ ಚಿಲೇಡ್ಸ್ ಪಾಂಡವ ಅಂತ ಇರುತ್ತದೆ. ಯಾವ ಪಾಂಡವ ಅಂತ ಕೇಳಬೇಡಿ, ಹೆಸರಿಟ್ಟದ್ದು ಹಾರ್ಸ್‌ಫೀಲ್ಡ್ ಅನ್ನುವ ವಿಜ್ಞಾನಿ, 1829ರಲ್ಲಿ. ತಿನ್ನುವುದರಲ್ಲಿ ಭೀಮನೇ ಇರಬೇಕು. ಅದು ಲೈಕೆನಿಡೆ ಕುಟುಂಬಕ್ಕೆ, ಅಂದರೆ ಪುಟ್ಟ ನೀಲಿ ಚಿಟ್ಟೆಗಳ ಗುಂಪಿಗೆ ಸೇರಿದ್ದು. ಈ ಕುಟುಂಬದಲ್ಲಿ ಬದುಕಿನ ಕ್ರಮ ಗೊತ್ತಾಗಿರುವ ಜಾತಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಇರುವೆ ಜೊತೆ ಒಂದಲ್ಲ ಒಂದು ವ್ಯವಹಾರ ಇಟ್ಟುಕೊಂಡಿವೆ. ಹುಳದ ಬೆನ್ನಿನಲ್ಲಿ, ಹೊಟ್ಟೆಯ ಏಳನೇ ಖಂಡದ ಮೇಲೆ, ಸಿಹಿ ರಸ ಒಸರುವ ಒಂದು ಗ್ರಂಥಿ ಇದೆ. ಎಂಟನೇ ಖಂಡದಲ್ಲಿ ಬೇಕಾದಾಗ ಹೊರಗೆ ಬಂದು ಒಳಗೆ ಹೋಗುವ ಎರಡು ಕೊಂಬುಗಳಿವೆ. ಇದನ್ನೆಲ್ಲ ಮೇಜಿನ ಮೇಲಿಟ್ಟುಕೊಂಡು, ಕುರ್ಚಿಯಲ್ಲಿ ಕೂತು ನೋಡಬೇಕು ಅನ್ನಿಸಿತು. ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ನನ್ನ ಮಂಡಿ ಹೋಗಿತ್ತು.

ಮೊದಲನೇ ಪೆಟ್ಟಿಗೆ: ಬೇಕರಿ ಡಬ್ಬ

ನಮ್ಮ ದೊಡ್ಡವ್ವ ಮಳವಳ್ಳಿ ಕಡೆಯವಳು. ನಲವತ್ತು ವರ್ಷ ರೇಷ್ಮೆ ಹುಳ ಸಾಕಿದವಳು. ಈಗ ನಮ್ಮ ಜೊತೆ ಇದ್ದಾಳೆ. ಹುಳ ಸಾಕುವುದಕ್ಕೆ ಅವಳಿಗಿಂತ ಗುರು ಬೇಕಾ? ಅವಳು ಹೇಳಿದ ಹಾಗೇ ಮಾಡಿದೆ. ಅರ್ಧ ಕೆಜಿ ಸಿಹಿತಿಂಡಿ ಬರುವ ಪ್ಲಾಸ್ಟಿಕ್ ಡಬ್ಬ ತೊಳೆದು ಒಣಗಿಸಿದೆ. ಮುಚ್ಚಳಕ್ಕೆ ಸೋಲ್ಡರಿಂಗ್ ಕಬ್ಬಿಣದಲ್ಲಿ ತೂತು ಸುಟ್ಟೆ. ಒಳಗೆ ಹಳೇ ಪೇಪರ್, ಮೇಲೆ ಎಳೇ ಸೈಕಸ್ ಎಸಳು, ಅದರ ಮೇಲೆ ಆರು ಹುಳ. ದಿನಕ್ಕೆರಡು ಸಲ ಸೊಪ್ಪು ಬದಲಿಸು, ಹಿಕ್ಕೆ ತೆಗಿ, ಒದ್ದೆ ಸೊಪ್ಪು ಹಾಕಬೇಡ. ಮುಖ್ಯವಾಗಿ ಇರುವೆ ಬರದ ಹಾಗೆ ನೋಡಿಕೋ. ರೇಷ್ಮೆ ಮನೆಯಲ್ಲಿ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು ಅದಕ್ಕೇ. ಒಂದು ಇರುವೆ ದಾರಿ ಕಂಡರೆ ಬೆಳಗಾಗುವಷ್ಟರಲ್ಲಿ ತಟ್ಟೆ ಖಾಲಿ.

ನಾನು ಅದನ್ನೂ ಮಾಡಿದೆ. ಡಬ್ಬವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟೆ.

ಮೂರು ದಿನ ಚೆನ್ನಾಗಿ ತಿಂದವು. ನಾಲ್ಕನೇ ದಿನ ಎರಡು ಹುಳದ ಬೆನ್ನ ಹಿಂಭಾಗದಲ್ಲಿ ಏನೋ ಅಂಟು ಕಂಡಿತು. ಐದನೇ ದಿನ ಅಲ್ಲಿ ಬೂದಿ ಬಣ್ಣದ ಬೂಷ್ಟು. ಏಳನೇ ದಿನ ನಾಲ್ಕು ಹುಳ ಸತ್ತಿದ್ದವು. ದೊಡ್ಡವ್ವ ಸೊಪ್ಪು ಒದ್ದೆ ಇತ್ತು ಅಂದಳು. ಇರಲಿಲ್ಲ. ನನ್ನ ಊಹೆ ಬೇರೆ. ಅಂಟು ಕಂಡ ಜಾಗ ಸರಿಯಾಗಿ ಆ ಗ್ರಂಥಿಯ ಜಾಗವೇ. ಕುಂಡದಲ್ಲಿದ್ದಾಗ ಗೊದ್ದಗಳು ಆ ರಸ ನೆಕ್ಕಿ ಚೊಕ್ಕ ಮಾಡುತ್ತಿದ್ದವು. ಡಬ್ಬದಲ್ಲಿ ನೆಕ್ಕುವವರಿಲ್ಲ. ಸಿಹಿ ನಿಂತಲ್ಲಿ ಬೂಷ್ಟು ಬರುತ್ತದೆ. ಆರು ಹುಳದ ಲೆಕ್ಕದಲ್ಲಿ ಏನನ್ನೂ ಸಾಧಿಸಲಾಗದು, ಒಪ್ಪುತ್ತೇನೆ. ಆದರೆ ಉಳಿದ ಎರಡನ್ನು ವಾಪಸ್ ಕುಂಡಕ್ಕೆ ಬಿಟ್ಟಾಗ ಗೊದ್ದಗಳು ನಿಮಿಷದೊಳಗೆ ಬಂದು ಮೊದಲು ಮುತ್ತಿದ್ದು ಆ ಜಾಗಕ್ಕೇ.

ಇದೇ ತಪ್ಪನ್ನು ಇಂಗ್ಲೆಂಡಿನಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿದ್ದರು ಅಂತ ಆಮೇಲೆ ಓದಿದೆ. ಅಲ್ಲಿ ಲಾರ್ಜ್ ಬ್ಲೂ ಅನ್ನುವ ಚಿಟ್ಟೆ ಇತ್ತು. ಅದರ ಹುಳ ಸ್ವಲ್ಪ ದಿನ ಥೈಮ್ ಹೂವು ತಿಂದು ಕೆಳಗೆ ಬೀಳುತ್ತದೆ. ಮಿರ್ಮಿಕಾ ಅನ್ನುವ ಕೆಂಪಿರುವೆ ಅದನ್ನು ತನ್ನದೇ ಮರಿ ಅಂದುಕೊಂಡು ಗೂಡಿಗೆ ಹೊತ್ತುಕೊಂಡು ಹೋಗುತ್ತದೆ. ಹುಳ ಗೂಡಿನೊಳಗೆ ಕೂತು ಇರುವೆ ಮರಿಗಳನ್ನೇ ತಿಂದು ಬೆಳೆಯುತ್ತದೆ. ಚಿಟ್ಟೆ ಕಡಿಮೆಯಾದಾಗ ಜನ ಹುಲ್ಲುಗಾವಲಿಗೆ ಬೇಲಿ ಹಾಕಿದರು, ಚಿಟ್ಟೆ ಹಿಡಿಯುವವರು ಬರಬಾರದು ಅಂತ. ದನವೂ ಒಳಗೆ ಬರಲಿಲ್ಲ. ಹುಲ್ಲು ಎತ್ತರ ಬೆಳೆಯಿತು, ನೆಲಕ್ಕೆ ಬಿಸಿಲು ಬೀಳದೆ ತಣ್ಣಗಾಯಿತು. ಹುಳಕ್ಕೆ ಬೇಕಾಗಿದ್ದ ಮಿರ್ಮಿಕಾ ಸಬುಲೆಟಿ ಜಾತಿಯ ಇರುವೆಗೆ ಬೆಚ್ಚಗಿನ ನೆಲ ಬೇಕು. ಅದು ಹೋಯಿತು, ಹಿಂದೆಯೇ ಚಿಟ್ಟೆಯೂ ಹೋಯಿತು. 1979ರಲ್ಲಿ ಬ್ರಿಟನ್ನಿನಲ್ಲಿ ಕೊನೆಯಾಯಿತು. ಜೆರೆಮಿ ಥಾಮಸ್ ಅನ್ನುವ ವಿಜ್ಞಾನಿ ಈ ಗಂಟನ್ನು ಬಿಡಿಸಿದ ಮೇಲೆ ದನ ಮೇಯಿಸಿ, ಹುಲ್ಲು ತಗ್ಗಿಸಿ, ಸ್ವೀಡನ್ನಿನಿಂದ ತಂದ ಚಿಟ್ಟೆಗಳನ್ನು ಬಿಟ್ಟು ಮತ್ತೆ ನೆಲೆಗೊಳಿಸಿದರು. ನನ್ನ ನೀರಿನ ತಟ್ಟೆಯೂ ಒಂದು ಬೇಲಿಯೇ ಆಗಿತ್ತಲ್ವಾ.

ಎರಡನೇ ಪೆಟ್ಟಿಗೆ: ಪ್ಲಾಸ್ಟರ್ ಗೂಡು

ಸರಿ, ಇರುವೆಯನ್ನೂ ಸಾಕೋಣ ಅಂತ ಹೊರಟೆ. ಇದು ನನ್ನ ದುರಹಂಕಾರ.

ಗಾಜಿನ ಮೀನು ತೊಟ್ಟಿಯೊಂದು ಅಂಗಡಿಯಲ್ಲಿ ಬಿದ್ದಿತ್ತು, ಒಂದೂವರೆ ಅಡಿ ಉದ್ದದ್ದು. ಪೇಟೆ ಬೀದಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ತಂದೆ. ಎರಡು ಲೋಟ ಪುಡಿಗೆ ಒಂದು ಲೋಟ ನೀರು. ಪುಡಿಯನ್ನು ನೀರಿಗೆ ಹಾಕಬೇಕು, ನೀರನ್ನು ಪುಡಿಗೆ ಹಾಕಿದರೆ ಗಂಟಾಗುತ್ತದೆ. ಕಲಸಿ ಸುರಿಯುವುದಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಸಿಗುವುದಿಲ್ಲ. ಗಾಜಿಗೆ ಅಂಟಿಸಿ ಜೇಡಿಮಣ್ಣಿನಲ್ಲಿ ಕೋಣೆ, ಓಣಿ ಮಾಡಿಟ್ಟು ಅದರ ಮೇಲೆ ಪ್ಲಾಸ್ಟರ್ ಸುರಿದೆ. ಗಟ್ಟಿಯಾದ ಮೇಲೆ ಮಣ್ಣು ಕೆರೆದು ತೆಗೆದರೆ ಗೂಡು ತಯಾರು. ಪೂರ್ತಿ ಒಣಗುವುದಕ್ಕೆ ನಾಲ್ಕು ದಿನ ಹಿಡಿಯಿತು, ಮಳೆಗಾಲ.

ಇರುವೆ ತಪ್ಪಿಸಿಕೊಳ್ಳದ ಹಾಗೆ ತೊಟ್ಟಿಯ ಅಂಚಿಗೆ ಮುಖದ ಪೌಡರನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಸಿ ಎರಡು ಇಂಚು ಪಟ್ಟಿ ಬಳಿದೆ. ಸ್ಪಿರಿಟ್ ಆರಿದ ಮೇಲೆ ಪೌಡರ್ ತೆಳ್ಳಗೆ ಗಾಜಿಗೆ ಕೂತಿರುತ್ತದೆ. ಇರುವೆ ಕಾಲಿಟ್ಟರೆ ಪೌಡರ್ ಸಮೇತ ಜಾರುತ್ತದೆ. ಒಣ ಹವೆಯಲ್ಲಿ ಇದು ಅದ್ಭುತ. ನಮ್ಮ ಜೂನ್ ತಿಂಗಳ ತೇವದಲ್ಲಿ ಮೂರನೇ ದಿನಕ್ಕೆ ಪೇಸ್ಟ್ ಆಯಿತು.

ಗೊದ್ದಗಳನ್ನು ಹಿಡಿದಿದ್ದು ಎರಡು ಕಡೆಯಿಂದ. ಕುಂಡದ ಹತ್ತಿರ ಇಪ್ಪತ್ತು, ಸಾಲದು ಅಂತ ಹಿತ್ತಲಿನ ಕಡೆಯಿಂದ ಹದಿನೈದು. ಎಲ್ಲ ಗೊದ್ದವೂ ಒಂದೇ ಅಂತ ನನ್ನ ಎಣಿಕೆ. ತಪ್ಪು. ಒಂದೊಂದು ಗೂಡಿಗೂ ಅದರದೇ ವಾಸನೆ. ಬೇರೆ ಗೂಡಿನದು ಸಿಕ್ಕರೆ ಅವಕ್ಕೆ ಶತ್ರು. ಅದೂ ಸಾಲದೆಂದು ಪೌಡರ್ ಕೈಕೊಟ್ಟಿದ್ದಕ್ಕೆ ತೊಟ್ಟಿಯ ಮೇಲೆ ಗಾಜಿನ ಹಲಗೆ ಮುಚ್ಚಿ, ಸಂದಿಗೆ ಟೇಪ್ ಹಾಕಿ ಮಲಗಿದೆ.

ಬೆಳಿಗ್ಗೆ ಹಲಗೆ ತೆಗೆದರೆ ಮೂಗಿಗೆ ರಪ್ಪನೆ ಹೊಡೆಯಿತು, ಹುಳಿ ಹುಳಿ ಘಾಟು. ಗೊದ್ದಕ್ಕೆ ಕೊಂಡಿ ಇಲ್ಲ. ಕಚ್ಚಿ, ಹೊಟ್ಟೆಯ ತುದಿಯಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಗಾಳಿಯಾಡುವ ಜಾಗದಲ್ಲಿ ಅದು ಆಯುಧ. ಟೇಪ್ ಹಾಕಿದ ತೊಟ್ಟಿಯಲ್ಲಿ ಅದೇ ಆವಿ ಅವುಗಳನ್ನೇ ಕೊಲ್ಲುತ್ತದೆ. ಮೂವತ್ತೈದರಲ್ಲಿ ಹನ್ನೊಂದು ಉಳಿದಿದ್ದವು. ಉಳಿದವೂ ಹುಳದ ಕಡೆ ತಲೆ ಹಾಕಲಿಲ್ಲ. ಗಾಜಿನ ಮೂಲೆಯಲ್ಲಿ ಮುದುಡಿ ಕೂತಿದ್ದವು. ರಾಣಿ ಇಲ್ಲ, ಮರಿ ಇಲ್ಲ, ಊರಿಲ್ಲ. ಯಾರಿಗೆ ಅಂತ ಸಿಹಿ ಹೊತ್ತುಕೊಂಡು ಹೋಗಬೇಕು? ಅವನ್ನು ಹಿಡಿದಲ್ಲೇ ಬಿಟ್ಟು ಬಂದೆ. ಆ ಬೆಳಿಗ್ಗೆ ತಿಂಡಿ ಸೇರಲಿಲ್ಲ.

ಇರುವೆ ಗೂಡನ್ನೇ ಮನೆಗೆ ತಂದು ಗೆದ್ದವರಿಲ್ಲ ಅಂತಲ್ಲ. ಅದೇ ಲಾರ್ಜ್ ಬ್ಲೂ ಹುಳವನ್ನು ನೂರು ವರ್ಷದ ಹಿಂದೆ ಕ್ಯಾಪ್ಟನ್ ಪ್ಯೂರ್‌ಫಾಯ್ ಅನ್ನುವವರು ಅಕ್ರೋಟಿನ ಚಿಪ್ಪಿನೊಳಗೆ ಇರುವೆ ಜೊತೆ ಸಾಕಿ ನೋಡಿದ್ದರು. ಅವರ ಇರುವೆ ಪುಟ್ಟದು, ತಾಳ್ಮೆ ದೊಡ್ಡದು. ಗೊದ್ದ ಅಕ್ರೋಟಿನ ಚಿಪ್ಪಲ್ಲಿ ಕೂರುವ ಪೈಕಿ ಅಲ್ಲ, ನಾನೂ ಅಲ್ಲ.

ಮೂರನೆಯದು: ದಾರಿ

ಐಡಿಯಾ ಬಂದಿದ್ದು ದೊಡ್ಡವ್ವನ ನೀರಿನ ಬಟ್ಟಲಿಂದಲೇ. ಮೇಜಿನ ನಾಲ್ಕು ಕಾಲೂ ನೀರಿನಲ್ಲಿದ್ದರೆ ಇರುವೆಗೆ ಮೇಜು ಒಂದು ದ್ವೀಪ. ಆ ದ್ವೀಪಕ್ಕೆ ಒಂದೇ ಒಂದು ಸೇತುವೆ ಕೊಟ್ಟರೆ? ಇರುವೆ ತನ್ನ ಗೂಡಲ್ಲೇ ಇರಲಿ. ಬರಬೇಕು ಅನ್ನಿಸಿದರೆ ಬರಲಿ, ಹೊಟ್ಟೆ ತುಂಬಿದರೆ ಮನೆಗೆ ಹೋಗಲಿ. ನನಗೆ ಬೇಡದಾಗ ಸೇತುವೆ ಎತ್ತಿಬಿಟ್ಟರೆ ಆಯಿತು.

ದೊಡ್ಡವ್ವನಿಗೆ ಹೇಳಿದೆ. ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟಳು. “ನಲ್ವತ್ತು ವರ್ಸ ಇರುವೆ ಬರ್ದಂಗೆ ಕಾಯ್ಕಂಡು ಕೂತಿದ್ದೆ ಕಣ್ಲಾ. ನೀನು ಹುಳಕ್ಕೆ ಇರುವೆ ಕರ್ಕಂಡ್ ಬರೋಕೆ ರೋಡ್ ಮಾಡ್ತೀಯಾ?”

ಮೇಜು ಮಡಚುವ ಕಬ್ಬಿಣದ್ದು. ಕಾಲಿಗೆ ನಾಲ್ಕು ಸ್ಟೀಲ್ ಬಟ್ಟಲು, ಅರ್ಧ ನೀರು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಇಲ್ಲದಿದ್ದರೆ ಸಣ್ಣ ಇರುವೆಗಳು ನೀರಿನ ಮೇಲೇ ತೇಲಿ ದಾಟುತ್ತವೆ, ಧೂಳು ಕೂತರಂತೂ ಕೇಳುವುದೇ ಬೇಡ. ಮೇಜು ಗೋಡೆಗೆ, ಪರದೆಗೆ ತಾಗಬಾರದು. ಫ್ಯಾನ್ ಹಾಕಿದಾಗ ಪರದೆ ಹಾರಿ ಮೇಜಿಗೆ ಬಡಿಯುತ್ತಿದ್ದದ್ದು ಗೊತ್ತಾಗುವುದಕ್ಕೆ ನನಗೆ ಎರಡು ದಿನ ಬೇಕಾಯಿತು.

ಮೇಜಿನ ನಡುವೆ ಒಂದು ಕೆಮ್ಮಿನ ಔಷಧಿ ಬಾಟಲಿ, ಅದರಲ್ಲಿ ನೀರು, ನೀರಲ್ಲಿ ಸೈಕಸ್ ಗರಿಯ ಬುಡ. ಬಾಟಲಿ ಬಾಯಿಗೆ ಹತ್ತಿ ಬಿಗಿಯಾಗಿ ತುರುಕಬೇಕು. ಒಂದು ಹುಳ ಕಾಂಡ ಹಿಡಿದು ಕೆಳಗಿಳಿದು ನೇರ ನೀರಿಗೆ ಬಿದ್ದ ಮೇಲೆ ಕಲಿತ ಪಾಠ ಇದು. ಸುತ್ತ ಗಾಜು, ಡಬ್ಬ ಏನೂ ಇಲ್ಲ. ಎಳೆ ಸೊಪ್ಪು ಇರುವವರೆಗೆ ಹುಳ ಗರಿ ಬಿಟ್ಟು ಎಲ್ಲೂ ಹೋಗುವುದಿಲ್ಲ.

ಇನ್ನು ಸೇತುವೆ. ಮೊದಲು ಕುಂಡದಿಂದ ಕಿಟಕಿ ಸರಳಿಗೆ, ಅಲ್ಲಿಂದ ಮೇಜಿಗೆ ನೈಲಾನ್ ಹುರಿ ಕಟ್ಟಿದೆ. ಎರಡು ತಪ್ಪು. ನೈಲಾನ್ ಹುರಿ ತೂಗಾಡುತ್ತದೆ, ಗೊದ್ದ ಒಂದಡಿ ಬಂದು ವಾಪಸ್ ಹೋಗುತ್ತದೆ. ಸರಳು ಗೋಡೆಗೆ ಅಂಟಿದೆ, ಗೋಡೆ ಅಡುಗೆಮನೆಗೆ ಅಂಟಿದೆ. ಸಂಜೆಗೆ ಗೊದ್ದದ ಸಾಲು ಬೆಲ್ಲದ ಡಬ್ಬದ ಹತ್ತಿರ ಇತ್ತು. ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ.

ಆಮೇಲೆ ಮುಕ್ಕಾಲು ಇಂಚಿನ ವೈರಿಂಗ್ ಪೈಪ್ ತೆಗೆದುಕೊಂಡೆ, ಹತ್ತಡಿ. ನುಣುಪು ಹೋಗಲಿ ಅಂತ ಪೂರ್ತಿ ಉದ್ದಕ್ಕೂ ಸೆಣಬಿನ ಹುರಿ ಸುತ್ತಿದೆ. ಒಂದು ತುದಿ ಕುಂಡದ ಅಂಚಿನ ಮೇಲೆ, ಇನ್ನೊಂದು ತುದಿ ಮೇಜಿನ ಮೇಲೆ ಕ್ಲಾಂಪ್‌ನಲ್ಲಿ. ಕಿಟಕಿಯ ಎರಡು ಸರಳುಗಳ ನಡುವೆ ಎಲ್ಲೂ ತಾಗದ ಹಾಗೆ ಹಾಯುತ್ತದೆ. ಪೈಪ್ ಎತ್ತಿದರೆ ದಾರಿ ಬಂದ್. ಹುರಿ ಸುತ್ತಿದ್ದಕ್ಕೆ ಹೆಬ್ಬೆರಳು ಸುಲಿದುಹೋಯಿತು. ಆದರೆ ಇಡೀ ಕೆಲಸದಲ್ಲಿ ಅದೇ ಒಳ್ಳೆಯ ಭಾಗ.

ಮೇಜಿನ ಕಡೆ ತುದಿಗೆ ಬೆಲ್ಲದ ನೀರಿನ ಒಂದು ಹನಿ ಇಟ್ಟೆ. ಬೆಳಿಗ್ಗೆ 7ಕ್ಕೆ ಪೈಪ್ ಇಟ್ಟಿದ್ದು. 7:40ಕ್ಕೆ ಮೊದಲ ಗೊದ್ದ ಬಂತು, ಬೆಲ್ಲ ಕುಡಿದು ಹೊಟ್ಟೆ ಊದಿಸಿಕೊಂಡು ಹೋಯಿತು. ಒಂಬತ್ತರ ಹೊತ್ತಿಗೆ ಸಾಲು ಹತ್ತಿತ್ತು. ಬೆಲ್ಲ ಒರೆಸಿ ತೆಗೆದೆ. ಸಾಲು ಚದುರಿತು, ನಾಲ್ಕೈದು ಗೊದ್ದ ಮೇಜೆಲ್ಲ ಅಲೆದವು. ಅದರಲ್ಲೊಂದು ಬಾಟಲಿ ಹತ್ತಿ ಗರಿಗೆ ಹೋಯಿತು. ಮೀಸೆ ಹುಳಕ್ಕೆ ತಾಗಿತು. ತಾಗಿದ ಕೂಡಲೇ ಅದರ ನಡಿಗೆ ಬದಲಾಯಿತು. ಓಡುವುದನ್ನು ಬಿಟ್ಟು, ತಬಲಾ ನುಡಿಸುವ ಹಾಗೆ ಎರಡೂ ಮೀಸೆಯಲ್ಲಿ ಹುಳದ ಬೆನ್ನಿನ ಹಿಂಭಾಗ ಬಡಿಯತೊಡಗಿತು. ಸಾಸಿವೆಗಿಂತ ಸಣ್ಣ, ನೀರಿನಷ್ಟು ತಿಳಿಯಾದ ಹನಿ ಎದ್ದಿತು. ಗೊದ್ದ ಕುಡಿಯಿತು. ನಾನು ಅಂಗಡಿ ಬಾಗಿಲು ತೆರೆದಾಗ ಮಧ್ಯಾಹ್ನ ಹನ್ನೆರಡು.

ನೋಡುವ ಕಣ್ಣು

ಮ್ಯಾಕ್ರೋ ಲೆನ್ಸ್‌ಗೆ ದುಡ್ಡು ಕೊಡಬೇಡಿ. ಕೆಟ್ಟ ಡಿವಿಡಿ ಪ್ಲೇಯರಿನ ಲೇಸರ್ ಹೆಡ್‌ನಲ್ಲಿ ಒಂದು ಪುಟ್ಟ ಲೆನ್ಸ್ ಇದೆ. ಸೂಜಿಯಿಂದ ಬಿಡಿಸಿ, ಹೇರ್‌ಪಿನ್ನಿಗೆ ಸಿಕ್ಕಿಸಿ, ಫೋನಿನ ಕ್ಯಾಮೆರಾ ಮೇಲೆ ಟೇಪ್ ಮಾಡಿ. ಒಂದು ಸೆಂಟಿಮೀಟರಿಗಿಂತ ಹತ್ತಿರ ಹೋಗಬೇಕಾಗುತ್ತದೆ, ಅಲ್ಲಿ ಗೊದ್ದ ಲೆನ್ಸನ್ನೇ ಕಚ್ಚುತ್ತದೆ. ಆದ್ದರಿಂದ ದಿನವಿಡೀ ನೋಡುವುದಕ್ಕೆ ಹಳೆಯ ವೆಬ್‌ಕ್ಯಾಮ್ ಇಟ್ಟೆ. ಅದರ ಲೆನ್ಸನ್ನು ಎರಡು ಮೂರು ಸುತ್ತು ಹೊರಕ್ಕೆ ತಿರುಗಿಸಿದರೆ ಎರಡು ಮೂರು ಇಂಚಿಗೆ ಫೋಕಸ್ ಬರುತ್ತದೆ. ರಾತ್ರಿ ಟಾರ್ಚಿಗೆ ಕೆಂಪು ಗಾಜಿನ ಕಾಗದ ಎರಡು ಪದರ ಕಟ್ಟಿದೆ. ಇರುವೆಗೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ, ಗಾಬರಿಯಾಗುವುದಿಲ್ಲ. ಗೊದ್ದಗಳು ರಾತ್ರಿಯೂ ಬರುತ್ತವೆ ಅಂತ ಗೊತ್ತಾಗಿದ್ದು ಇದರಿಂದ.

ನೋಡಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಆ ಎರಡು ಕೊಂಬು. ಬಸವನಹುಳುವಿನ ಕಣ್ಣಿನ ಹಾಗೆ ಸರ್ರನೆ ಹೊರಗೆ ಬರುತ್ತವೆ, ತುದಿಯಲ್ಲಿ ಬಿಳಿ ಕುಂಚ, ಕ್ಷಣದಲ್ಲಿ ಮಾಯ. ಗೊದ್ದ ಬೇರೆ ಕಡೆ ತಿರುಗಿದಾಗ ಒಂದೆರಡು ಸಲ ಹೀಗಾಯಿತು. ಕೊಂಬು ಬಂದ ತಕ್ಷಣ ಗೊದ್ದ ಬೆಚ್ಚಿದ ಹಾಗೆ ಹುಳದ ಸುತ್ತ ಗಿರಗಿರ ಓಡಿತು. ತೀರ ಸಣ್ಣ ಹುಳಗಳ ಹತ್ತಿರ ಗೊದ್ದ ನಿಲ್ಲುತ್ತಿರಲಿಲ್ಲ. ಎರಡು ಜ್ವರ ದಾಟಿದ ಹುಳಕ್ಕೇ ಮರ್ಯಾದೆ. ಪೊರೆ ಕಳಚಲು ಹುಳ ಸುಮ್ನೆ ಕೂರುವುದಕ್ಕೆ ರೇಷ್ಮೆ ಮನೆಯವರು ಜ್ವರ ಅನ್ನುತ್ತಾರೆ. ರೇಷ್ಮೆ ಹುಳಕ್ಕೆ ನಾಲ್ಕು ಜ್ವರ, ಇದಕ್ಕೆ ನಾನು ಎಣಿಸಿದ್ದು ಮೂರೇ. ದೊಡ್ಡವ್ವ ಈ ಲೆಕ್ಕ ನಂಬಲಿಲ್ಲ. ತಾನೇ ಕನ್ನಡಕ ಹಾಕಿಕೊಂಡು ಬಂದು ಕೂತಳು. ಅವತ್ತಿನಿಂದ ಬಟ್ಟಲಿಗೆ ನೀರು ತುಂಬುವ ಕೆಲಸ ಅವಳದಾಯಿತು.

ಒಂದು ಗೊದ್ದವಂತೂ ಹುಳದ ಬೆನ್ನು ಬಿಟ್ಟು ನಲವತ್ತು ನಿಮಿಷ ಕದಲಲಿಲ್ಲ. ಇದು ಬರೀ ರಸದ ಆಸೆಯಾ? 2015ರಲ್ಲಿ ಜಪಾನಿನ ಹೋಜೋ ಮತ್ತು ಜೊತೆಗಾರರು ಬೇರೊಂದು ಜಾತಿಯ ನೀಲಿ ಚಿಟ್ಟೆಯ ಹುಳದ ಮೇಲೆ ಕೆಲಸ ಮಾಡಿದ್ದರು. ನರಾಥುರಾ ಜಪೋನಿಕಾ ಅದರ ಹೆಸರು. ಅದರ ರಸ ಕುಡಿದ ಇರುವೆಗಳ ಮಿದುಳಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಕಡಿಮೆಯಾಗಿತ್ತು. ಅವು ಓಡಾಟ ಕಡಿಮೆ ಮಾಡಿ ಹುಳದ ಹತ್ತಿರವೇ ಉಳಿಯುತ್ತಿದ್ದವು. ಅಂದರೆ ಹುಳ ಕೊಡುವುದು ಬರೀ ಕೂಲಿ ಅಲ್ಲ, ಸ್ವಲ್ಪ ಹೆಂಡವೂ ಹೌದು. ನನ್ನ ಗೊದ್ದಕ್ಕೂ ಹಾಗೇ ಆಗುತ್ತದೆ ಅಂತ ನಾನು ಹೇಳಲಾರೆ, ಜಾತಿ ಬೇರೆ, ಇರುವೆ ಬೇರೆ. ಆದರೆ ಆ ನಲವತ್ತು ನಿಮಿಷ ನೋಡಿದ ಮೇಲೆ ಕಾವಲುಗಾರ ಅನ್ನುವ ಪದ ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬರುತ್ತಿಲ್ಲ.

ಸೇತುವೆ ಎತ್ತಿ ಇಳಿಸುವ ಆಟವನ್ನೂ ಆಡಿದೆ. ಸೇತುವೆ ಇದ್ದ ದಿನ ಗರಿಯ ಮೇಲೆ ಜೇಡ ಬರಲಿಲ್ಲ. ಎತ್ತಿಟ್ಟ ಎರಡನೇ ರಾತ್ರಿ ಎಲ್ಲಿಂದಲೋ ಒಂದು ಹಾರು ಜೇಡ ಬಂದು ಒಂದು ಹುಳವನ್ನು ಹಿಡಿದಿತ್ತು. ನೂಲು ಬಿಟ್ಟು ಇಳಿಯುವವನಿಗೆ ನೀರಿನ ಬಟ್ಟಲು ಏನು ಮಾಡುತ್ತದೆ? ಒಂದು ಹುಳ, ಒಂದು ರಾತ್ರಿ, ಇದನ್ನು ಪ್ರಯೋಗ ಅನ್ನುವಂತಿಲ್ಲ. ಮತ್ತೆ ಎತ್ತಲಿಲ್ಲ.

ಔಷಧಿ ಬಿತ್ತು

ಹನ್ನೊಂದನೇ ದಿನ ಸಂಜೆ ಬಂದು ನೋಡಿದರೆ ಪೈಪ್ ಮೇಲೆ ಒಂದೂ ಗೊದ್ದ ಇಲ್ಲ. ಕುಂಡದ ಸುತ್ತ ಹತ್ತಿಪ್ಪತ್ತು ಸತ್ತು ಬಿದ್ದಿವೆ. ಓನರ್ ಅವರು ಹೇಳಿದ ಹಾಗೆ ಔಷಧಿ ಹೊಡೆದಿದ್ದರು. ಗಿಡ ಅವರದು, ಜಗಳ ಆಡುವ ಹಾಗಿಲ್ಲ. ಒಂದು ಗರಿ ಕೊಟ್ಟಿದ್ದೇ ದೊಡ್ಡದು. ಸೈಕಸ್‌ನ ಸುಳಿ ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತದೆ. ಅದನ್ನು ಪೂರ್ತಿ ತಿಂದರೆ ಇಡೀ ವರ್ಷ ಗಿಡ ಬೋಳಾಗಿ ಕಾಣುತ್ತದೆ. ಈ ಚಿಟ್ಟೆ ಗ್ವಾಮ್ ದ್ವೀಪಕ್ಕೆ ಹೋಗಿ ಸೇರಿದ್ದು 2005ರಲ್ಲಿ ಗೊತ್ತಾಯಿತು. ಅಲ್ಲಿನ ಕಾಡು ಸೈಕಸ್‌ಗೆ ಅದು ದೊಡ್ಡ ಪೀಡೆ. ಓನರ್ ಅವರ ಸಿಟ್ಟಿಗೂ ಅರ್ಥ ಇದೆ.

ಮೇಜಿನ ಮೇಲೆ ಆಗ ಐದು ಹುಳ. ಕುಂಡದ ಸೊಪ್ಪು ಇನ್ನು ಹಾಕುವಂತಿಲ್ಲ. ಮೂರು ಬೀದಿ ಸುತ್ತಿ ಸುಳಿ ಇರುವ ಗಿಡ ಹುಡುಕಿದೆ. ಗೆಳೆಯನ ಮನೆಯಲ್ಲಿ ಸಿಕ್ಕಿತು, ಒಂದು ಗರಿಗೆ ಅವರ ಮನೆಯ ಮಿಕ್ಸಿ ಕಪ್ಲರ್ ಬದಲಿಸಿ ಕೊಡುವ ಒಪ್ಪಂದ.

ಇರುವೆ ಎಲ್ಲಿಂದ? ಸತ್ತವು ಗಿಡದ ಮೇಲಿದ್ದವು ಮಾತ್ರ, ಗೂಡು ಇರಲೇಬೇಕು. ಕಾಂಪೌಂಡ್ ಪಕ್ಕದ ಹೊಂಗೆ ಮರದ ಬುಡದಲ್ಲಿ ಮಣ್ಣು ಕೆದರಿದ ಬಾಯಿ ಕಂಡಿತು. ಪೈಪನ್ನು ಸೋಪಿನಲ್ಲಿ ತೊಳೆದು, ಹಳೇ ಹುರಿ ಬಿಚ್ಚಿ ಹೊಸದು ಸುತ್ತಿ (ಮತ್ತೆ ಹೆಬ್ಬೆರಳು), ಇನ್ನೊಂದು ಪೈಪ್ ಜೋಡಿಸಿ ಕಾಂಪೌಂಡ್ ಗೋಡೆಯವರೆಗೆ ಎಳೆದೆ. ಹದಿನೆಂಟು ಅಡಿ. ನಡುವೆ ಬಗ್ಗದಿರಲಿ ಅಂತ ಒಂದು ಕೋಲು ನೆಟ್ಟು, ಕೋಲಿಗೆ ಗ್ರೀಸ್ ಬಳಿದೆ. ಬೆಲ್ಲದ ನೀರು ಮತ್ತೆ. ಅವತ್ತು ಯಾರೂ ಬರಲಿಲ್ಲ. ಮಾರನೇ ದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ದೊಡ್ಡವ್ವ ಎಬ್ಬಿಸಿದಳು. “ನಿನ್ ನೆಂಟ್ರು ಬಂದವ್ರೆ.”

ಹೊಂಗೆ ಮರದ ಮೇಲೂ ಕಾಮನ್ ಸೆರೂಲಿಯನ್ ಅನ್ನುವ ನೀಲಿ ಚಿಟ್ಟೆಯ ಹುಳ ಸಿಗುತ್ತದೆ. ಇಂಥದ್ದನ್ನೆಲ್ಲ ಕಾರವಾರದಲ್ಲಿ ಅರಣ್ಯ ಇಲಾಖೆಯಲ್ಲಿದ್ದ ಟಿ. ಆರ್. ಬೆಲ್ ನೂರು ವರ್ಷದ ಹಿಂದೆಯೇ ಮನೆಯಲ್ಲಿ ಸಾಕಿ, ಯಾವ ಹುಳ ಯಾವ ಗಿಡ ಅಂತ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1909ರಿಂದ ವರ್ಷಗಟ್ಟಲೆ ಬರೆದಿದ್ದಾರೆ. ಮೇಲುಕೋಟೆ ಕಡೆಯ ಗಿರಾಕಿಯೊಬ್ಬರು ನಮ್ಮ ಮಾವಿನ ಮರದಲ್ಲಿ ಕೆಂಜಿಗದ ಎಲೆಗೂಡಿದೆ, ಅದನ್ನೂ ಮಾಡು ಅಂದರು. ಕೆಂಜಿಗದ ಗೂಡಿನಲ್ಲಿ ಬೆಳೆಯುವ ಮಾತ್ ಬಟರ್‌ಫ್ಲೈ ಅನ್ನುವ ಚಿಟ್ಟೆ ಇದೆ ನಿಜ. ಅದರ ಹುಳ ಸಿಹಿ ಗಿಹಿ ಏನೂ ಕೊಡುವುದಿಲ್ಲ, ಗಟ್ಟಿ ಚಿಪ್ಪಿನಂಥ ಚರ್ಮ ಹೊದ್ದು ಇರುವೆ ಮರಿಗಳನ್ನು ತಿನ್ನುತ್ತದೆ. ಚಿಟ್ಟೆಯಾಗಿ ಹೊರಬರುವಾಗ ಮೈಮೇಲೆ ಸಡಿಲ ಪುಡಿ ಇರುತ್ತದೆ. ಇರುವೆ ಕಚ್ಚಿದರೆ ಪುಡಿ ಬಾಯಿಗೆ, ಚಿಟ್ಟೆ ಪರಾರಿ. ನನ್ನ ಹತ್ತಿರ ಅಂಥ ಪುಡಿ ಇಲ್ಲ. ಬೇಡ ಅಂದೆ.

ಕೇಳುವ ಕಿವಿ

ಗರಿಯ ಬುಡದ ಹತ್ತಿರ ಒಂದು ಲ್ಯಾಮಿನೇಟ್ ಮಾಡಿದ ಕಾರ್ಡ್ ಕಟ್ಟಿದ್ದೆ. ಐದರಲ್ಲಿ ಎರಡು ಹುಳ ಅದರ ಮೇಲೇ ಕೂತು, ನಡುವಿಗೆ ಒಂದು ಎಳೆ ನೂಲು ಬಿಗಿದುಕೊಂಡು ಕೋಶ ಕಟ್ಟಿದವು. ರೇಷ್ಮೆ ಗೂಡಿನ ಹಾಗಲ್ಲ, ಬರೀ ಕಂದು ಕಾಳು. ದೊಡ್ಡವ್ವನಿಗೆ ಪೂರ್ತಿ ನಿರಾಸೆ. “ಇಷ್ಟೇನಾ ನೂಲು?”

ಈ ಕೋಶಗಳು ಸದ್ದು ಮಾಡುತ್ತವೆ ಅಂತ ಓದಿದ್ದೆ. ಹೊಟ್ಟೆಯ ಐದು ಮತ್ತು ಆರನೇ ಖಂಡದ ನಡುವೆ ಒಂದು ಕಡೆ ಅರದ ಹಾಗೆ ಹಲ್ಲು, ಇನ್ನೊಂದು ಕಡೆ ಅದಕ್ಕೆ ಉಜ್ಜುವ ಫಲಕ. ಗಾಳಿಯಲ್ಲಿ ಕೇಳುವುದು ಕಷ್ಟ, ಕೂತ ಜಾಗದ ಕಂಪನವಾಗಿ ಹೋಗುತ್ತದೆ. ಇದು ನನ್ನ ಏರಿಯಾ. ಬಜರ್‌ನಿಂದ ತೆಗೆದ 27 ಮಿ.ಮೀ. ಪೀಜೋ ಬಿಲ್ಲೆಯನ್ನು (ಕಂಪನವನ್ನು ಕರೆಂಟ್ ಸಿಗ್ನಲ್ ಮಾಡುವಂಥದ್ದು) ಕಾರ್ಡಿನ ಹಿಂದೆ ಅಂಟಿಸಿದೆ. ಸದ್ದು ಹಿಗ್ಗಿಸುವುದಕ್ಕೆ ಎಲ್‌ಎಂ386 ಚಿಪ್, 1 ಮತ್ತು 8ನೇ ಪಿನ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, 200 ಪಟ್ಟಿಗೆ ಏರಿಸಿದೆ. 9 ವೋಲ್ಟ್ ಬ್ಯಾಟರಿ, ಹೆಡ್‌ಫೋನ್.

ಪೀಜೋಗೆ ಜಾಸ್ತಿ ಇನ್‌ಪುಟ್ ಇಂಪೆಡೆನ್ಸ್ (ಸಿಗ್ನಲನ್ನು ಎಳೆದು ಕುಗ್ಗಿಸದ ಇನ್‌ಪುಟ್) ಬೇಕು, ಚಿಪ್ಪಿನ ಮುಂದೆ ಜೆಫೆಟ್ ಬಫರ್ ಅನ್ನುವ ಟ್ರಾನ್ಸಿಸ್ಟರ್ ಸರ್ಕ್ಯೂಟ್ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ. ಹಾಕಿದೆ. ಟ್ಯೂಬ್‌ಲೈಟಿನ 50 ಹರ್ಟ್ಸ್ ಗುಂಯ್ ಅನ್ನುವುದು ಬಿಟ್ಟು ಏನೂ ಕೇಳಲಿಲ್ಲ. ಕಿತ್ತು ಹಾಕಿ ನೇರ ಚಿಪ್ಪಿಗೆ ಕೊಟ್ಟೆ. ಬಿಲ್ಲೆ ಮೀಟರಿನಲ್ಲಿ 20 ನ್ಯಾನೋಫ್ಯಾರಡ್ ತೋರಿಸುತ್ತದೆ, ಚಿಪ್ಪಿನ ಇನ್‌ಪುಟ್ 50 ಕಿಲೋಓಮ್. ಲೆಕ್ಕ ಹಾಕಿದರೆ ಸುಮಾರು 160 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ತಾನಾಗಿಯೇ ಕುಗ್ಗುತ್ತದೆ. ತಪ್ಪು ಸರ್ಕ್ಯೂಟ್, ಸರಿ ಕೆಲಸ. ವೈರ್ ಮಾತ್ರ ಶೀಲ್ಡ್ ಇರುವುದೇ ಬೇಕು.

ಮೊದಲ ರಾತ್ರಿ ಟಪ್ ಟಪ್ ಅಂತ ಸ್ಪಷ್ಟ ಸದ್ದು. ಕುಣಿದಾಡಿದೆ. ನೋಡಿದರೆ ಕಾರ್ಡಿನ ಮೇಲೆ ಗೊದ್ದ ನಡೆಯುತ್ತಿತ್ತು, ಅದರ ಕಾಲಿನ ಸದ್ದು. ಎರಡನೇ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಫ್ಯಾನ್ ಆರಿಸಿ, ಕಾರ್ಡ್ ಮೇಲಿದ್ದ ಗೊದ್ದಗಳನ್ನು ಊದಿ ಓಡಿಸಿ, ಪೇಂಟ್ ಬ್ರಷ್‌ನ ಒಂದು ಕೂದಲಿನಿಂದ ಕೋಶವನ್ನು ಮುಟ್ಟಿದೆ. ಬಾಚಣಿಗೆಯ ಹಲ್ಲನ್ನು ಉಗುರಲ್ಲಿ ಎಳೆದ ಹಾಗೆ, ಬಹಳ ಸಣ್ಣಗೆ, ಕಿರ್ರ್. ಬಿಟ್ಟು ಮುಟ್ಟಿದೆ. ಮತ್ತೆ ಕಿರ್ರ್. ಖಾಲಿ ಕಾರ್ಡ್ ಮುಟ್ಟಿದರೆ ಬರೀ ಉಜ್ಜಿದ ಸದ್ದು. ಇಪ್ಪತ್ತು ಸಲ ಮಾಡಿ ಖಾತ್ರಿ ಮಾಡಿಕೊಂಡೆ. ಕೋಶವಾದ ಮೇಲೂ ಗೊದ್ದಗಳು ಸುತ್ತ ಬಂದು ಹೋಗುತ್ತಲೇ ಇದ್ದವು, ಮೊದಲಿನಷ್ಟು ಜಾಸ್ತಿ ಅಲ್ಲ.

ಏಳನೇ ದಿನ ಬೆಳಿಗ್ಗೆ ಒಂದು ಕೋಶ ಕಪ್ಪಾಗಿ ಎಂಟು ಗಂಟೆಗೆ ಬಿರಿಯಿತು. ಆಗ ಹತ್ತಿರ ಒಂದೇ ಗೊದ್ದ ಇತ್ತು. ಚಿಟ್ಟೆ ರೆಕ್ಕೆ ಮುದುಡಿಕೊಂಡೇ ಸರಸರ ಗರಿಯ ತುದಿಗೆ ಹತ್ತಿತು, ಗೊದ್ದ ಹಿಂದೆ ಬೀಳಲಿಲ್ಲ. ಚಿಟ್ಟೆಯಾದ ಮೇಲೆ ಈ ಸ್ನೇಹ ನಡೆಯುತ್ತೋ ಇಲ್ಲವೋ ಅಂತ ಭಯ ಇದ್ದೇ ಇತ್ತು, ಹಾಗಾಗಿ ನಾನು ಪೈಪ್ ಎತ್ತಿಬಿಟ್ಟೆ. ಅರ್ಧ ಗಂಟೆಗೆ ರೆಕ್ಕೆ ಬಿಚ್ಚಿತು, ಗಂಡು, ಮೇಲ್ಗಡೆ ನೀಲಿ. ಐದರಲ್ಲಿ ನಾಲ್ಕು ಹಾರಿದವು. ಒಂದು ಕೋಶ ಹಾಗೇ ಒಣಗಿತು.

ಮಾಡುವವರಿಗೆ ಒಂದು ಎಚ್ಚರಿಕೆ. ಸೈಕಸ್ ವಿಷದ ಗಿಡ, ನಾಯಿ, ಮಕ್ಕಳು ಎಸಳು ಅಥವಾ ಬೀಜ ಕಚ್ಚದ ಹಾಗೆ ನೋಡಿಕೊಳ್ಳಿ. ಕೈ ತೊಳೆದೇ ಊಟಕ್ಕೆ ಕೂರಿ. ಖರ್ಚು ಪೈಪು, ಹುರಿ, ಬ್ಯಾಟರಿ, ಅಷ್ಟೇ. ಪ್ಲಾಸ್ಟರ್ ದಂಡ.

ಪೈಪ್ ಬಿಚ್ಚಿ ನಾಲ್ಕು ದಿನವಾಯಿತು. ಕಾಂಪೌಂಡ್ ಮೇಲೆ ಅದು ಕೂತಿದ್ದ ಜಾಗಕ್ಕೆ ಇವತ್ತೂ ಎರಡು ಗೊದ್ದ ಬಂದು, ಗಾಳಿಯಲ್ಲಿ ಮೀಸೆ ಆಡಿಸಿ ಹೋದವು. ಮೇಜಿನ ಕೆಳಗಿದ್ದ ಬಟ್ಟಲುಗಳಲ್ಲಿ ಒಂದು ಕಾಣೆಯಾಗಿತ್ತು. ಹುಡುಕಿದರೆ ಅಡುಗೆಮನೆಯಲ್ಲಿ ಸಿಕ್ಕಿತು. ದೊಡ್ಡವ್ವ ಅದರಲ್ಲಿ ನೀರು ತುಂಬಿ, ನಡುವೆ ಬೆಲ್ಲದ ಡಬ್ಬ ಇಟ್ಟಿದ್ದಳು.